ಓಣಂ ರಾತ್ರಿಗೆ ಮೊದಲು ಏನು ಮಾಡಬಹುದು? ಗಡಿನಾಡಿನ ಒಂದು ಡಿಗ್ರಿ ಕಾಲೇಜಿಗೆ ಯೋಜನೆ ಬೇಕು

ಪ್ರಶ್ನೆ: ಸೀಮೆ_ಎನ್ನೆಸ್ಸೆಸ್

ಕಾಸರಗೋಡು ತಾಲೂಕಿನ ಒಂದು ಡಿಗ್ರಿ ಕಾಲೇಜು. ಸುಮಾರು 900 ಮಕ್ಕಳು. ಹುಡುಗರ ಹಾಸ್ಟೆಲಿನಲ್ಲಿ 70, ಹುಡುಗಿಯರದರಲ್ಲಿ 110. ಉಳಿದವರು ಪೈವಳಿಕೆ, ಬದಿಯಡ್ಕ, ಉಪ್ಪಳ ಕಡೆಯಿಂದ ಬಸ್ಸಿನಲ್ಲೋ ರೈಲಿನಲ್ಲೋ ಬರುವವರು. ಕನ್ನಡ, ಮಲಯಾಳ, ತುಳು, ಬ್ಯಾರಿ ಎಲ್ಲವೂ ಉಂಟು.

ದಿನವೂ ಕುಡಿಯುವವರ ಬಗ್ಗೆ ಅಲ್ಲ ನನ್ನ ಪ್ರಶ್ನೆ. ಅವರು ಬೆರಳೆಣಿಕೆಯಷ್ಟು. ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ ಕುಡಿದರೂ ಒಂದೇ ಕೂತಲ್ಲಿ ಪ್ರಜ್ಞೆ ತಪ್ಪುವಷ್ಟು ಕುಡಿಯುವವರೇ ಚಿಂತೆ: ಓಣಂ ಆಚರಣೆ ಮುಗಿದ ಸಂಜೆ, ಫ್ರೆಶರ್ಸ್ ಡೇ, ಪರೀಕ್ಷೆ ಮುಗಿದ ದಿನ, ಟೂರ್. ಪ್ರತಿ ವರ್ಷ ಒಬ್ಬ ಅಧಿಕಾರಿಯನ್ನು ಕರೆದು ಒಂದು ಗಂಟೆ ಭಾಷಣ, ಪ್ರತಿಜ್ಞೆ, ಫೋಟೋ. ಅದರಿಂದ ಏನೂ ಬದಲಾಗುವುದಿಲ್ಲ.

ಕೈಯಲ್ಲಿರುವುದು ಆರು ವಾರ, 15,000 ರೂಪಾಯಿ, ಮತ್ತು ಕೆಲಸ ಮಾಡುವ ಮನಸ್ಸಿನ 20 ಮಂದಿ ಎನ್ನೆಸ್ಸೆಸ್ ಮಕ್ಕಳು. ನಿಜವಾಗಿ ಫಲ ಕೊಡುವುದು ಯಾವುದು, ವ್ಯರ್ಥ ಯಾವುದು? ಸ್ಪಷ್ಟವಾಗಿ ಹೇಳಿ. ಗೇಟಿನಲ್ಲಿ ಬಾಯಿ ಊದಿಸುವ ಯಂತ್ರ ಇಡುವ ಪ್ರಸ್ತಾಪವೂ ಆಡಳಿತದ ಮುಂದೆ ಉಂಟು.


ಉತ್ತರ 1: ತುರ್ತುಕೋಣೆ

ಮೊದಲು ಸಾವು ತಪ್ಪಿಸುವ ಭಾಗ. ತಡೆಗಟ್ಟುವಿಕೆಯ ಮಾತು ಉಳಿದವರು ಹೇಳಲಿ.

ಕುಡಿದು ಸಾಯುವ ಹುಡುಗ ಸಾಮಾನ್ಯವಾಗಿ ಕೂಗಾಡುವವನಲ್ಲ, ಮೂಲೆಯಲ್ಲಿ ಮಲಗಿದವನು. "ಔಟ್ ಆಗಿದ್ದಾನೆ, ನಿದ್ದೆ ಮಾಡಲಿ ಬಿಡಿ" ಎಂಬ ಮಾತೇ ಅಪಾಯ. ಕೊನೆಯ ಗುಟುಕಿನ ನಂತರವೂ ಹೊಟ್ಟೆಯಲ್ಲಿರುವುದು ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಅರ್ಧ ಗಂಟೆಯಿಂದ ಒಂದೂವರೆ ಗಂಟೆಯವರೆಗೆ ಮಟ್ಟ ಏರಬಹುದು. ಮಲಗುವಾಗ ಮಾತಾಡುತ್ತಿದ್ದವನು ಒಂದು ಗಂಟೆಯ ಬಳಿಕ ಎಬ್ಬಿಸಿದರೂ ಏಳದಿರುವುದು ಇದರಿಂದ. ಮಟ್ಟ ಏರಿದಂತೆ ಕೆಮ್ಮು, ಓಕರಿಕೆ ತಡೆಯುವ ಸಹಜ ಪ್ರತಿಕ್ರಿಯೆ ಮಂಕಾಗುತ್ತದೆ. ಅಂಗಾತ ಮಲಗಿದವನ ವಾಂತಿ ಶ್ವಾಸನಾಳಕ್ಕಿಳಿದರೆ ಕೆಮ್ಮಿ ಹೊರಹಾಕಲು ಆಗುವುದಿಲ್ಲ. ಸಾವು ಬರುವುದು ಹೀಗೂ.

ನಿಮ್ಮ 20 ಮಂದಿಗೆ ಕಲಿಸಬೇಕಾದ ಗುರುತುಗಳು ಇವು. ಹೆಸರು ಹಿಡಿದು ಕೂಗಿ, ಹೆಗಲು ಗಟ್ಟಿಯಾಗಿ ಹಿಸುಕಿದರೂ ಕಣ್ಣು ತೆರೆಯುವುದಿಲ್ಲ. ಪೂರ್ತಿ ಒಂದು ನಿಮಿಷ ಗಡಿಯಾರ ನೋಡಿ ಉಸಿರು ಎಣಿಸಿದರೆ 8ಕ್ಕಿಂತ ಕಡಿಮೆ, ಅಥವಾ ಎರಡು ಉಸಿರಿನ ನಡುವೆ 10 ಸೆಕೆಂಡಿಗಿಂತ ಹೆಚ್ಚು ಅಂತರ. ತುಟಿ, ಉಗುರು ನೀಲಿ ಅಥವಾ ಬೂದಿ ಬಣ್ಣ. ಮೈ ತಣ್ಣಗೆ, ಒದ್ದೆ. ಫಿಟ್ಸ್. ಎಚ್ಚರವಿಲ್ಲದೆಯೇ ವಾಂತಿ. ತಲೆಗೆ ಪೆಟ್ಟು ಬಿದ್ದಿರುವ ಸಂಶಯ. ಇವುಗಳಲ್ಲಿ ಒಂದೇ ಇದ್ದರೂ ಸಾಕು, 108 ಅಥವಾ 112. ಎಲ್ಲವೂ ಕಾಣಲಿ ಎಂದು ಕಾಯಬಾರದು.

ಗಡಿಯ ಹತ್ತಿರದವರಿಗೆ ಇನ್ನೊಂದು ಮಾತು. ತಲಪಾಡಿ, ಕುಂಜತ್ತೂರು ಕಡೆ ಮೊಬೈಲ್ ಆಚೆಯ ಟವರ್ ಹಿಡಿದಿದ್ದರೆ 108ರ ಕರೆ ಕರ್ನಾಟಕದ ಕೇಂದ್ರಕ್ಕೆ ಹೋಗಬಹುದು. ಆದ್ದರಿಂದ ಮೊದಲ ವಾಕ್ಯದಲ್ಲೇ ರಾಜ್ಯ, ಪಂಚಾಯತು, ಹತ್ತಿರದ ಗುರುತು ಹೇಳಬೇಕು. "ಕಾಲೇಜ್ ಹತ್ತಿರ" ಎಂದರೆ ಯಾರಿಗೂ ತಿಳಿಯದು.

ಆಂಬ್ಯುಲೆನ್ಸ್ ಬರುವವರೆಗೆ ಮಗ್ಗುಲಿಗೆ ಮಲಗಿಸುವ ಕ್ರಮ: ಪಕ್ಕದಲ್ಲಿ ಮಂಡಿಯೂರಿ. ನಿಮ್ಮ ಕಡೆಯ ಅವನ ಕೈಯನ್ನು ಹೊರಕ್ಕೆ ಲಂಬವಾಗಿ ಚಾಚಿ. ಆಚೆ ಕೈಯನ್ನು ಎದೆಯ ಮೇಲಿಂದ ತಂದು ಅದರ ಬೆನ್ನು ಈಚೆಯ ಕೆನ್ನೆಗೆ ಒತ್ತುವಂತೆ ಹಿಡಿದುಕೊಳ್ಳಿ. ಇನ್ನೊಂದು ಕೈಯಿಂದ ಆಚೆ ಮೊಣಕಾಲನ್ನು ಮಡಚಿ ನಿಮ್ಮ ಕಡೆಗೆ ಎಳೆದರೆ ಇಡೀ ದೇಹ ತಾನಾಗಿ ಹೊರಳುತ್ತದೆ. ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ, ಬಾಯಿ ನೆಲದ ಕಡೆಗೆ ಇರಲಿ. ಬೆನ್ನಿಗೆ ಚೀಲ ಒತ್ತಿಟ್ಟರೆ ಮತ್ತೆ ಅಂಗಾತ ಹೊರಳುವುದಿಲ್ಲ. ಒಬ್ಬರು ಅಲ್ಲಿಯೇ ಕೂತಿರಬೇಕು. ಉಸಿರೇ ಇಲ್ಲದಿದ್ದರೆ ಇದು ಬೇಡ, ಎದೆ ಒತ್ತುವ ಸಿಪಿಆರ್ ಶುರು ಮಾಡಬೇಕು. ಅದನ್ನೂ ಅದೇ ದಿನ ಕಲಿಸಿ.

ಮಾಡಬಾರದ್ದು: ನಿಂಬೆರಸ, ಹುಳಿ ಮಜ್ಜಿಗೆ, ಕಡು ಕಾಫಿ, ತಣ್ಣೀರು ಸ್ನಾನ, ಹಿಡಿದು ನಡೆಸುವುದು, ಗಂಟಲಿಗೆ ಬೆರಳು. ಇವುಗಳಲ್ಲಿ ಯಾವುದೂ ರಕ್ತದಲ್ಲಿರುವ ಮದ್ಯವನ್ನು ಒಂದು ಮಿಲಿಗ್ರಾಂ ಕೂಡ ಇಳಿಸುವುದಿಲ್ಲ. ಮೊದಲ ಮೂರು ಮಂಪರಿನಲ್ಲಿರುವವನ ಶ್ವಾಸಕೋಶಕ್ಕೆ ಇಳಿಯುತ್ತವೆ, ತಣ್ಣೀರು ಮೊದಲೇ ತಣ್ಣಗಾದ ಮೈಯನ್ನು ಇನ್ನಷ್ಟು ತಣಿಸುತ್ತದೆ. ಜತೆಗೆ ಹೋಗುವವರು ಏನು ಕುಡಿದ, ಎಷ್ಟು, ಎಷ್ಟು ಹೊತ್ತಿಗೆ, ಜತೆಗೆ ನಿದ್ದೆ ಮಾತ್ರೆಯೋ ಕೆಮ್ಮಿನ ಸಿರಪ್ಪೋ ತಗೊಂಡಿದ್ದಾನೆಯೋ ಎಂಬುದನ್ನು ಹೇಳಬೇಕು. ಬಾಟಲಿ ಇದ್ದರೆ ತನ್ನಿ. ಮದ್ಯದ ಮೇಲೆ ಆಲ್ಪ್ರಜೋಲಾಮ್‌ನಂಥ ನಿದ್ದೆ ಮಾತ್ರೆ ಸೇರಿದರೆ ಎರಡೂ ಉಸಿರಾಟವನ್ನು ಕುಗ್ಗಿಸುತ್ತವೆ, ಅಲ್ಲಿ "ಎರಡೇ ಪೆಗ್" ಎಂಬ ಲೆಕ್ಕಕ್ಕೆ ಅರ್ಥವಿಲ್ಲ.

ಲೇಬಲ್ ಇಲ್ಲದ ಸರಕಾದರೆ ಮರುದಿನವೂ ಗಮನ ಬೇಕು. ಕಳ್ಳಭಟ್ಟಿಯಲ್ಲಿ ಸೇರಿರಬಹುದಾದ ವಿಷ ಮೆಥನಾಲ್, ಅದರ ಲಕ್ಷಣ ಹೆಚ್ಚಾಗಿ 12ರಿಂದ 24 ಗಂಟೆ ತಡವಾಗಿ ಬರುತ್ತದೆ: ಹೊಟ್ಟೆನೋವು, ಏದುಸಿರು, ಕಣ್ಣು ಮಂಜು. ಅದನ್ನು ಹ್ಯಾಂಗೋವರ್ ಎಂದುಕೊಂಡು ಮಲಗಿದರೆ ಕಣ್ಣೂ ಹೋಗುತ್ತದೆ, ಜೀವವೂ ಹೋಗುತ್ತದೆ. 2024ರ ಜೂನಿನಲ್ಲಿ ತಮಿಳುನಾಡಿನ ಕಳ್ಳಕುರಿಚ್ಚಿಯಲ್ಲಿ 60ಕ್ಕೂ ಹೆಚ್ಚು ಮಂದಿ ತೀರಿಕೊಂಡದ್ದು ಮೆಥನಾಲಿನಿಂದ.


ಉತ್ತರ 2: ಲ್ಯಾಬ್_ಮೇಷ್ಟ್ರು

"ಹೆಚ್ಚು ಕುಡಿಯಬೇಡಿ" ಎಂದರೆ ಎಷ್ಟು ಹೆಚ್ಚು? ಈ ಪ್ರಶ್ನೆಗೆ ಸಂಖ್ಯೆಯಲ್ಲಿ ಉತ್ತರ ಕೊಡದಿದ್ದರೆ ಹುಡುಗರು "ನಾನು ಲಿಮಿಟಿನಲ್ಲೇ ಇದ್ದೇನೆ" ಎನ್ನುತ್ತಾರೆ. ಸುಳ್ಳಲ್ಲ, ನಿಜವಾಗಿಯೂ ಹಾಗೇ ನಂಬಿರುತ್ತಾರೆ.

ಲೆಕ್ಕ ಸರಳ. ಮಿಲಿಲೀಟರ್ × ಶೇಕಡಾ ಪ್ರಮಾಣ × 0.789 ÷ 100 = ಶುದ್ಧ ಮದ್ಯದ ಗ್ರಾಂ. 10 ಗ್ರಾಂ ಒಂದು ಯೂನಿಟ್. 42.8 ಶೇಕಡಾ ಬ್ರಾಂಡಿ, ರಮ್, ವಿಸ್ಕಿಯಲ್ಲಿ 30 ಮಿಲಿ ಒಂದು ಯೂನಿಟ್, 60 ಮಿಲಿಯ ಪೆಗ್ ಎರಡು. ಗಡಿಯಾಚೆಯಿಂದ ಬರುವ 90 ಮಿಲಿಯ ಟೆಟ್ರಾ ಪ್ಯಾಕ್ ಮೂರು. 180ರ ಕ್ವಾರ್ಟರ್ ಆರು, ಅಂದರೆ 60.8 ಗ್ರಾಂ. ಬಿಯರ್ "ಏನೂ ಅಲ್ಲ" ಎನ್ನುವವರಿಗೆ: 650 ಮಿಲಿಯ 5 ಶೇಕಡಾ ಬಾಟಲಿ ಎರಡೂವರೆ ಯೂನಿಟ್, ಅದೇ ಗಾತ್ರದ 8 ಶೇಕಡಾ ಸ್ಟ್ರಾಂಗ್ ನಾಲ್ಕು. ಕಳ್ಳಿಗೆ ಒಂದೇ ಸಂಖ್ಯೆ ಹೇಳಲಾಗದು. ಇಳಿಸಿದ ಹೊತ್ತಿನಿಂದ ಹುಳಿಯುತ್ತ ಹೋದಂತೆ ಮದ್ಯ ಏರುತ್ತದೆ, ಬೆಳಗಿನದೂ ಸಂಜೆಯದೂ ಒಂದೇ ಅಲ್ಲ. 5 ಶೇಕಡಾ ಎಂದು ಹಿಡಿದರೆ ಅರ್ಧ ಲೀಟರಿಗೆ ಎರಡು ಯೂನಿಟ್.

ವಿಶ್ವ ಆರೋಗ್ಯ ಸಂಸ್ಥೆ "ಒಮ್ಮೆಲೇ ಅತಿಯಾಗಿ ಕುಡಿಯುವುದು" ಎನ್ನುವುದು ಒಂದು ಸಂದರ್ಭದಲ್ಲಿ 60 ಗ್ರಾಂ ಅಥವಾ ಹೆಚ್ಚು. ಅಂದರೆ ಸರಿಯಾಗಿ ಒಂದು ಕ್ವಾರ್ಟರ್! ನಮ್ಮ ಹುಡುಗರು "ಬರೀ ಒಂದು ಕ್ವಾರ್ಟರ್" ಎಂದು ಎಲ್ಲಿಂದ ಎಣಿಕೆ ಶುರು ಮಾಡುತ್ತಾರೋ ಅಲ್ಲಿ ಅಪಾಯದ ಗೆರೆ ದಾಟಿ ಆಗಿರುತ್ತದೆ. ಈಚೆ ಬದಿಯ "ಅರ್ಧಕ್ಕೆ ಮೂವರು" ಪದ್ಧತಿಯನ್ನೂ ನೋಡಿ: 500 ಮಿಲಿಯನ್ನು ಮೂರು ಪಾಲು ಮಾಡಿದರೆ ತಲೆಗೆ 56 ಗ್ರಾಂ. ಮೂರನೆಯವನು ಬಾರದಿದ್ದರೆ ಇಬ್ಬರಿಗೆ 84. ಬಾಟಲಿ ಮುಗಿಸಿಯೇ ಏಳಬೇಕು, ಏಕೆಂದರೆ ಮಿಕ್ಕದ್ದನ್ನು ಇಡಲು ಜಾಗವಿಲ್ಲ. ಕುಡಿಯುವ ಪ್ರಮಾಣವನ್ನು ನಿರ್ಧರಿಸುವುದು ಮನಸ್ಸಲ್ಲ, ಬಾಟಲಿಯ ಗಾತ್ರ.

ಇದನ್ನು ತೋರಿಸುವ ವಿಧಾನ: ಕೆಮಿಸ್ಟ್ರಿ ಲ್ಯಾಬಿನಿಂದ 100 ಮಿಲಿಯ ಅಳತೆ ಸಿಲಿಂಡರ್, ಕಪ್ಪು ಚಹಾ, ಸ್ಟೀಲ್ ಲೋಟ, ಪೇಪರ್ ಗ್ಲಾಸು. "ಒಂದು ಸಣ್ಣದು ಸುರಿ" ಎನ್ನಿ. ಸುರಿದದ್ದನ್ನು ಸಿಲಿಂಡರಿಗೆ ಹಾಕಿ ಎಲ್ಲರೆದುರು ಓದಿ. ಅಗಲ ಬಾಯಿಯ ಸ್ಟೀಲ್ ಲೋಟದಲ್ಲಿ ತಳ ಮುಚ್ಚಿದಷ್ಟು ಎಂದು ಕಣ್ಣಿಗೆ ಕಾಣುವುದು ಅಳತೆಯಲ್ಲಿ ಬೇರೆಯೇ ಇರುತ್ತದೆ. ಖರ್ಚು ಚಹಾಪುಡಿಯದ್ದು ಮಾತ್ರ.

ದೇಹದ ಲೆಕ್ಕ: ಖಾಲಿ ಹೊಟ್ಟೆಯಲ್ಲಿ ಒಂದು ಕ್ವಾರ್ಟರ್ ಬೇಗ ಮುಗಿಸಿದ 60 ಕೆಜಿ ಹುಡುಗನಿಗೆ 100 ಮಿಲಿ ರಕ್ತದಲ್ಲಿ ಸುಮಾರು 149 ಮಿಲಿಗ್ರಾಂ ಬರುತ್ತದೆ. 50 ಕೆಜಿ ಹುಡುಗಿಗೆ ಅದೇ ಪ್ರಮಾಣ 220ರ ಹತ್ತಿರ. ತೂಕ ಕಡಿಮೆ, ಮೈಯಲ್ಲಿ ನೀರಿನ ಅಂಶವೂ ಕಡಿಮೆ ಎಂಬ ಕಾರಣಕ್ಕೆ. ವಾಹನ ಓಡಿಸುವವರಿಗೆ ಕಾನೂನಿನ ಮಿತಿ 30. ಒಂದೇ ಒಂದು 60ರ ಪೆಗ್ ಆ ಹುಡುಗನನ್ನು 49ಕ್ಕೆ ಒಯ್ಯಬಲ್ಲದು. ಇಳಿಯುವುದು ಗಂಟೆಗೆ ಸುಮಾರು 15 ಮಾತ್ರ. ರಾತ್ರಿ 12ಕ್ಕೆ 149 ಇದ್ದವನು ಬೆಳಿಗ್ಗೆ 7ಕ್ಕೆ ಬೈಕ್ ಹತ್ತುವಾಗ ಇನ್ನೂ 44. ಸ್ನಾನ ಮಾಡಿ ದೋಸೆ ತಿಂದರೂ 44. ಇವು ಅಂದಾಜಿನ ಸೂತ್ರದ ಉತ್ತರಗಳು, ಒಬ್ಬೊಬ್ಬರಲ್ಲಿ ಹೆಚ್ಚು ಕಡಿಮೆ ಆಗುತ್ತದೆ. "ನನ್ನ ಲೆಕ್ಕ 28, ಬೈಕ್ ಓಡಿಸಬಹುದು" ಎಂದು ಬಳಸಲು ಯಾರಿಗೂ ಬಿಡಬೇಡಿ.

ಎನರ್ಜಿ ಡ್ರಿಂಕಿನಲ್ಲಿ ಬೆರೆಸಿದರೆ ಅಮಲು ಕಡಿಮೆ ಎಂಬುದು ತಪ್ಪು. ಕೆಫೀನ್ ನಿದ್ದೆಯನ್ನಷ್ಟೇ ಮುಂದೂಡುತ್ತದೆ, ರಕ್ತದ ಸಂಖ್ಯೆ ಹಾಗೇ ಇರುತ್ತದೆ. ನಿದ್ದೆ ಬರಬೇಕಾದ ಹೊತ್ತಿಗೆ ಇನ್ನೊಂದು ಗ್ಲಾಸ್ ಒಳಗೆ ಹೋಗಿರುತ್ತದೆ.


ಉತ್ತರ 3: ಆಪ್ತಸಲಹೆ_ಮಂಜೇಶ್ವರ

ಭಾಷಣ ನಾಟುವುದಿಲ್ಲ ಎಂದು ನಿಮಗೆ ಅನ್ನಿಸಿದ್ದು ಸರಿ. ಅಮೆರಿಕದ ರಾಷ್ಟ್ರೀಯ ಮದ್ಯಪಾನ ಸಂಶೋಧನಾ ಸಂಸ್ಥೆ ಕಾಲೇಜುಗಳಿಗಾಗಿ 2015ರಲ್ಲಿ ಉಪಾಯಗಳನ್ನೆಲ್ಲ ತೂಗಿ ಒಂದು ಪಟ್ಟಿ ಮಾಡಿತು. ಬರೀ ಮಾಹಿತಿ ಕೊಡುವ ಕಾರ್ಯಕ್ರಮಕ್ಕೆ ಅದರಲ್ಲಿ ಸಿಕ್ಕಿದ್ದು "ಪರಿಣಾಮವಿಲ್ಲ" ಎಂಬ ದರ್ಜೆ. 19ರ ಹುಡುಗನಿಗೆ ಕೊಳೆತ ಲಿವರ್ ಚಿತ್ರ ತೋರಿಸಿದರೆ ಅವನು ಯೋಚಿಸುವುದು ಪಕ್ಕದ ಮನೆಯ ಮಾವನ ಬಗ್ಗೆ, ತನ್ನ ಬಗ್ಗೆ ಅಲ್ಲ. ಇನ್ನು ಭೂತಕ್ಕೆ ಕಳ್ಳಿಡುವ ಊರಿನಲ್ಲಿ "ಮದ್ಯ ಮಹಾಪಾಪ" ಎಂದು ಶುರು ಮಾಡಿದರೆ ಹಿಂದಿನ ಬೆಂಚು ಅಲ್ಲಿಗೇ ಕಿವಿ ಮುಚ್ಚುತ್ತದೆ.

ಫಲ ಕೊಡುವುದು ಎರಡು.

ಒಂದು, ತಪ್ಪು ಅಂದಾಜನ್ನು ಒಡೆಯುವುದು. "ಎಲ್ಲರೂ ಕುಡಿಯುತ್ತಾರೆ" ಎಂಬ ನಂಬಿಕೆಯೇ ಮೊದಲ ವರ್ಷದವನ ಕೈಗೆ ಗ್ಲಾಸ್ ಕೊಡುವುದು. ಪರ್ಕಿನ್ಸ್ ಮತ್ತು ಬರ್ಕೊವಿಟ್ಜ್ 1986ರಲ್ಲಿ ಗುರುತಿಸಿದ್ದು ಇದನ್ನೇ: ವಿದ್ಯಾರ್ಥಿಗಳು ತಮ್ಮ ಓರಗೆಯವರ ಕುಡಿತವನ್ನು ಇದ್ದದ್ದಕ್ಕಿಂತ ಹೆಚ್ಚೆಂದು ಭಾವಿಸುತ್ತಾರೆ. ಕುಡಿದವನು ಕಾಣಿಸುತ್ತಾನೆ, ಕುಡಿಯದೆ ಮನೆಗೆ ಹೋಗಿ ಮಲಗಿದವನು ಕಾಣಿಸುವುದಿಲ್ಲ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಲ್ಲಿ 10ರಿಂದ 75 ವಯಸ್ಸಿನ ಗಂಡಸರಲ್ಲಿ ಕುಡಿಯುವವರು 27.3 ಶೇಕಡಾ, ಹೆಂಗಸರಲ್ಲಿ 1.6. ಅಂದರೆ ಗಂಡಸರಲ್ಲೂ ನೂರಕ್ಕೆ 73 ಮಂದಿ ಕುಡಿಯದವರು. ಆದರೆ ದೇಶದ ಸಂಖ್ಯೆಯನ್ನು ಮಕ್ಕಳು ನಂಬುವುದಿಲ್ಲ, ನಿಮ್ಮ ಕಾಲೇಜಿನದೇ ಬೇಕು.

ಒಂದು ಸಣ್ಣ ಚೀಟಿ, ಮೂರೇ ಪ್ರಶ್ನೆ. ಕಳೆದ 30 ದಿನಗಳಲ್ಲಿ ಕುಡಿದಿದ್ದೀರಾ? ಕುಡಿದಿದ್ದರೆ ಒಂದೇ ಸಲಕ್ಕೆ ಹೆಚ್ಚೆಂದರೆ ಎಷ್ಟು (ಮೇಷ್ಟ್ರ ಯೂನಿಟ್ ಚಿತ್ರ ಪಕ್ಕದಲ್ಲೇ ಇರಲಿ)? ನಮ್ಮ ಕಾಲೇಜಿನ 100 ಮಂದಿಯಲ್ಲಿ ಎಷ್ಟು ಮಂದಿ ಕಳೆದ 30 ದಿನಗಳಲ್ಲಿ ಕುಡಿದಿರಬಹುದು? ಹೆಸರು ಬೇಡ, ತರಗತಿ ಬೇಡ, ಕೈಬರಹ ಬೇಡ, ಬರೀ ಗುರುತು ಹಾಕುವುದು. ಅಧ್ಯಾಪಕರು ಹಂಚಿ ಅಧ್ಯಾಪಕರೇ ಒಟ್ಟು ಮಾಡಿದರೆ ಸತ್ಯ ಬರುವುದಿಲ್ಲ. ಮುಚ್ಚಿದ ಡಬ್ಬಿ, ಎನ್ನೆಸ್ಸೆಸ್ ಮಕ್ಕಳು. ಗೂಗಲ್ ಫಾರ್ಮ್ ಬೇಡ ಎನ್ನುವುದು ನನ್ನ ಅಭಿಪ್ರಾಯ, ಇಮೇಲ್ ದಾಖಲಾಗುತ್ತದೆ ಎಂಬ ಸಂಶಯ ಒಬ್ಬನಿಗೆ ಬಂದರೂ ಇಡೀ ತರಗತಿ "ಇಲ್ಲ" ಎಂದು ಒತ್ತುತ್ತದೆ. ಕನ್ನಡದಲ್ಲೂ ಮಲಯಾಳದಲ್ಲೂ ಅಚ್ಚು ಹಾಕಿಸಿ. ಕನ್ನಡ ಮಾಧ್ಯಮದಿಂದ ಬಂದ ಮಗು ಮಲಯಾಳ ಪ್ರಶ್ನೆಗೆ ಅರ್ಥವಾಗದೆಯೂ ಗೀಟು ಹಾಕುತ್ತದೆ.

ಒಂದನೆಯ ಮತ್ತು ಮೂರನೆಯ ಉತ್ತರಗಳ ನಡುವಿನ ಅಂತರವೇ ನಿಮ್ಮ ಪೋಸ್ಟರ್. ಎರಡು ಸಂಖ್ಯೆ ದೊಡ್ಡದಾಗಿ, ಕೆಳಗೆ ಎಷ್ಟು ಚೀಟಿಯ ಲೆಕ್ಕ ಎಂದು. ಉಪದೇಶ ಬೇಡ. ಹುಡುಗರ ಸಂಖ್ಯೆ ಹುಡುಗರಿಗೆ, ಹುಡುಗಿಯರದು ಹುಡುಗಿಯರಿಗೆ ಬೇರೆಯಾಗಿ ತೋರಿಸಿ, ಒಟ್ಟು ಸರಾಸರಿ ಹಾಕಿದರೆ "ಹುಡುಗಿಯರನ್ನು ಸೇರಿಸಿ ಇಳಿಸಿದ್ದಾರೆ" ಎನ್ನುತ್ತಾರೆ. ಅಂತರವೇ ಇಲ್ಲದಿದ್ದರೆ, ಅಥವಾ ನಿಜ ಸಂಖ್ಯೆಯೇ ಅರ್ಧ ದಾಟಿದ್ದರೆ ಈ ಪೋಸ್ಟರ್ ಹಾಕಲೇಬೇಡಿ. ಅದು ತಿರುಗುಬಾಣ.

ಎರಡು, ಒಬ್ಬೊಬ್ಬರ ಜತೆ ಚಿಕ್ಕ ಮಾತುಕತೆ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಬೇಸಿಕ್ಸ್ ಎಂಬ ಕ್ರಮದಲ್ಲಿ 50 ನಿಮಿಷದ ಎರಡು ಭೇಟಿ ಅಷ್ಟೇ. ಮೊದಲ ಭೇಟಿಯಲ್ಲಿ ಕಳೆದ ತಿಂಗಳ ಕ್ಯಾಲೆಂಡರ್ ಇಟ್ಟು ಯಾವ ದಿನ, ಯಾರ ಜತೆ, ಎಷ್ಟು ಹೊತ್ತಿನಲ್ಲಿ, ಎಷ್ಟು ಎಂದು ತುಂಬಿಸುವುದು. ಜತೆಗೆ ಕುಡಿತದ ಅಪಾಯ ಅಳೆಯುವ ಆಡಿಟ್ ಪ್ರಶ್ನಾವಳಿ: 10 ಪ್ರಶ್ನೆ, ಒಟ್ಟು 40 ಅಂಕ. 8ಕ್ಕಿಂತ ಕಡಿಮೆಯಾದರೆ ಮಾಹಿತಿ ಸಾಕು, 8ರಿಂದ 15ಕ್ಕೆ ನೇರ ಸಲಹೆ, 16ರಿಂದ 19ಕ್ಕೆ ಸಲಹೆ ಮತ್ತು ಮತ್ತೆ ಮತ್ತೆ ಭೇಟಿ, 20 ಮೇಲ್ಪಟ್ಟರೆ ತಜ್ಞರ ಬಳಿಗೆ. ಮೂರನೆಯ ಪ್ರಶ್ನೆ "ಒಂದೇ ಸಂದರ್ಭದಲ್ಲಿ 6 ಅಥವಾ ಹೆಚ್ಚು ಡ್ರಿಂಕ್" ಎಂಬುದನ್ನು ಹಾಗೇ ಕೇಳಿದರೆ ಹುಡುಗ ಆರು ಪೆಗ್ ಎಂದುಕೊಂಡು "ಯಾವತ್ತೂ ಇಲ್ಲ" ಎನ್ನುತ್ತಾನೆ. "ಒಂದು ಕ್ವಾರ್ಟರ್ ಅಥವಾ ಒಂದೂವರೆ ಬಾಟಲಿ ಸ್ಟ್ರಾಂಗ್ ಬಿಯರ್" ಎಂದು ಕೇಳಿ, ಉತ್ತರವೇ ಬದಲಾಗುತ್ತದೆ.

ಎರಡನೆಯ ಭೇಟಿಯಲ್ಲಿ ಅವನ ಸಂಖ್ಯೆಗಳನ್ನೇ ಅವನ ಮುಂದೆ ಇಡುವುದು: ಯೂನಿಟ್, ತಿಂಗಳ ಖರ್ಚು, ಏರಿದ ಅಂದಾಜು ಮಟ್ಟ, ಓರಗೆಯವರ ನಿಜ ಪ್ರಮಾಣ. ಆಮೇಲೆ ಕೇಳುವುದು. "ಇದರಲ್ಲಿ ನಿನಗೆ ಹಿಡಿಸುವುದೇನು? ಹಿಡಿಸದ್ದೇನು?" ಮೊದಲ ಪ್ರಶ್ನೆ ಬಿಟ್ಟರೆ ಎರಡನೆಯದಕ್ಕೆ ಪ್ರಾಮಾಣಿಕ ಉತ್ತರ ಬರುವುದಿಲ್ಲ. "ಕಡಿಮೆ ಮಾಡುವುದು ನಿನಗೆ 10ರಲ್ಲಿ ಎಷ್ಟು ಮುಖ್ಯ?" ಎಂದಾಗ "4" ಎಂದರೆ, "ಯಾಕೆ ಬರೀ 4?" ಎನ್ನಬಾರದು. "2 ಅನ್ನಲಿಲ್ಲವಲ್ಲ, ಯಾಕೆ?" ಎನ್ನಬೇಕು. ಆಗ ಕಾರಣವನ್ನು ಅವನೇ ಹೇಳುತ್ತಾನೆ, ಸ್ವಂತ ಬಾಯಿಂದ ಬಂದ ಕಾರಣಕ್ಕೆ ತೂಕ ಜಾಸ್ತಿ. ನೀವು ವಾದಕ್ಕಿಳಿದರೆ ಅವನು ಕುಡಿತದ ವಕೀಲನಾಗುತ್ತಾನೆ.

900 ಮಂದಿಗೆ ಇದು ಆಗದ ಕೆಲಸ. ಆಡಿಟ್‌ನ ಮೊದಲ ಮೂರು ಪ್ರಶ್ನೆಗಳನ್ನು ಮಾತ್ರ ಹಾಸ್ಟೆಲಿನಲ್ಲಿ, ಆರೋಗ್ಯ ತಪಾಸಣೆಯ ಚೀಟಿಯ ಜತೆ, ನಿದ್ದೆ, ಊಟದ ಪ್ರಶ್ನೆಗಳ ನಡುವೆ ಸೇರಿಸಿ. ಒಟ್ಟು 12ರಲ್ಲಿ ಹುಡುಗರಿಗೆ 4, ಹುಡುಗಿಯರಿಗೆ 3 ಬಂದರೆ ಮಾತುಕತೆಗೆ ಕರೆಯಬಹುದು. ಆ ಹಾಳೆ ಆಪ್ತಸಲಹೆಗಾರರ ಬೀರುವಿನಲ್ಲೇ ಇರಬೇಕು. ಒಂದೇ ಒಂದು ಹೆಸರು ಸ್ಟಾಫ್ ರೂಮಿಗೆ ಸೋರಿದರೆ ಮುಂದಿನ ಮೂರು ಬ್ಯಾಚ್ ನಿಮ್ಮ ಬಳಿ ಬಾಯಿ ಬಿಡುವುದಿಲ್ಲ.


ಉತ್ತರ 4: ವಾರ್ಡನ್_ಪಯಸ್ವಿನಿ

ಬಾಯಿ ಊದಿಸುವ ಯಂತ್ರ ಬೇಡ ಮಾರಾಯ್ರೇ. ಗೇಟಿನಲ್ಲಿ ಊದಬೇಕು ಎಂದಾದರೆ ಕುಡಿದವನು ಗೇಟಿಗೆ ಬರುವುದೇ ಇಲ್ಲ. ರೈಲು ಹಳಿಯ ಮೇಲೆ, ಕಡಲ ಕರೆಯ ಕಲ್ಲಿನ ಮೇಲೆ, ಕಟ್ಟುತ್ತಿರುವ ಮನೆಯ ತಾರಸಿಯಲ್ಲಿ ಮಲಗುತ್ತಾನೆ. ಒಂಬತ್ತಕ್ಕೆ ಬೀಗ ಹಾಕುವ ಹಾಸ್ಟೆಲಿಗೂ ಇದೇ ಗತಿ. ಬೇಗ ಒಳಗೆ ಸೇರಬೇಕೆಂದು ಅರ್ಧ ಗಂಟೆಯಲ್ಲಿ ನೀರು ಬೆರೆಸದೆ ಮುಗಿಸುವ ಅಭ್ಯಾಸಕ್ಕೂ ಅದೇ ಕಾರಣ. ಬಚ್ಚಿಟ್ಟು ಕುಡಿಯುವವನು ನಿಧಾನ ಕುಡಿಯಲಾರ, ಮತ್ತು ಎರಡು ಗಂಟೆಯಲ್ಲಿ ಹೋಗುವ ಆರು ಯೂನಿಟ್ಟಿಗಿಂತ ಇಪ್ಪತ್ತು ನಿಮಿಷದಲ್ಲಿ ಹೋಗುವ ಆರು ಯೂನಿಟ್ ಎಷ್ಟೋ ಕೆಟ್ಟದ್ದು. ಕೆಲವು ರಾತ್ರಿಗಳಲ್ಲಿ, ಮೊದಲೇ ಗೊತ್ತಿರುವ ಆ ಐದಾರು ರಾತ್ರಿಗಳಲ್ಲಿ, ಗೇಟು ತೆರೆದಿಡಿ. ಬಂದವನನ್ನು ಒಳಗೆ ಬಿಡಿ, ಮಗ್ಗುಲಿಗೆ ಮಲಗಿಸಿ, ನೋಡಿಕೊಳ್ಳಿ, ವಿಚಾರಣೆ ನಾಡಿದ್ದು.

ಓಣಂ ದಿನದ ವೇಳಾಪಟ್ಟಿಯೇ ತಪ್ಪಾಗಿರುತ್ತದೆ. ಓಣಂ ಊಟ (ಸದ್ಯ) ಮಧ್ಯಾಹ್ನ 12ಕ್ಕೆ, ಹಗ್ಗಜಗ್ಗಾಟ ಮೂರಕ್ಕೆ ಮುಗಿಯಿತು, ನಾಲ್ಕಕ್ಕೆ ಎಲ್ಲರೂ ಹೊರಗೆ. ಬಿಸಿಲಲ್ಲಿ ಕುಣಿದು ಮೈ ಒಣಗಿದೆ, ಹೊಟ್ಟೆ ಖಾಲಿ, ಕೈಯಲ್ಲಿ ಸಂಜೆ ಪೂರ್ತಿ. ಹಗ್ಗಜಗ್ಗಾಟವನ್ನು ಐದಕ್ಕೆ ಇಡಿ, ಬಹುಮಾನ ಏಳಕ್ಕೆ, ಏಳೂವರೆಗೆ ಗಟ್ಟಿ ಊಟ, ಎಂಟೂಕಾಲಕ್ಕೆ ಉಪ್ಪಳ ಮತ್ತು ಬದಿಯಡ್ಕ ಕಡೆಗೆ ಎರಡು ಬಾಡಿಗೆ ಬಸ್ಸು. ನಿಮ್ಮ 15,000ದಲ್ಲಿ ಹೆಚ್ಚಿನ ಪಾಲು ಇದಕ್ಕೇ ಹೋಗಲಿ. ಬ್ಯಾನರಿಗೆ ಬೇಡ.

ಮೊದಲ ವರ್ಷದವರ ಮೊದಲ ಆರು ವಾರ ಬೇರೆಯೇ ಲೆಕ್ಕ. ಗೆಳೆಯರಿಲ್ಲ, ಮನೆ ನೆನಪು, ಸೀನಿಯರ್ ಕರೆದದ್ದಕ್ಕೆ ಇಲ್ಲ ಎನ್ನಲು ಧೈರ್ಯವಿಲ್ಲ. ಶನಿವಾರ ಸಂಜೆ ಕಬಡ್ಡಿ, ಸೆವೆನ್ಸ್ ಫುಟ್ಬಾಲ್, ತಾಳಮದ್ದಳೆ ಕೂಟ, ಏನಾದರೂ ಒಂದು ಇರಲಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯಲ್ಲಿ ಅರ್ಥ ಹೇಳುವ ಹುಡುಗರಿಗೆ ಬರವಿಲ್ಲ. "ಬೇಡ" ಎನ್ನುವ ಅಭ್ಯಾಸವನ್ನೂ ಮಾಡಿಸಿ, ನಾಚಿಕೆಯಾದರೂ ಸರಿ. ಉದ್ದದ ಕಾರಣ ಕೊಟ್ಟರೆ ಸೋಲು, ಪ್ರತಿ ಕಾರಣಕ್ಕೂ ಸೀನಿಯರಿನ ಬಳಿ ಉತ್ತರ ಉಂಟು. "ನಾನು ಕುಡಿಯುದಿಲ್ಲ" ಎಂದು ಹೇಳಿ ಕೈಯಲ್ಲಿ ಸೋಡಾ ಲೋಟ ಹಿಡಿದು ನಿಂತರೆ ಮೂರನೆಯ ಸಲ ಯಾರೂ ಕೇಳುವುದಿಲ್ಲ. ಖಾಲಿ ಕೈ ಕಂಡರೆ ತುಂಬಿಸಲು ಬರುತ್ತಾರೆ.

ಟೂರ್: ಬಸ್ಸಿನ ಲಗೇಜ್ ಹತ್ತುವಾಗ ತಪಾಸಣೆಗಿಂತ ಎರಡು ನಿಯಮ ಹೆಚ್ಚು ಉಪಯೋಗ. ಕಡಲು, ಹೊಳೆ, ಈಜುಕೊಳಕ್ಕೆ ಇಳಿಯುವುದು ಬೆಳಿಗ್ಗೆ ಮಾತ್ರ. ರಾತ್ರಿ 12ಕ್ಕೆ ಪ್ರತಿ ರೂಮಿನಲ್ಲಿ ತಲೆ ಎಣಿಕೆ, ಎಲ್ಲರೂ ಮಾತಾಡಿ ಉತ್ತರಿಸಬೇಕು. ಹೊದ್ದು ಮಲಗಿದ ಆಕಾರವನ್ನು ಎಣಿಸಿ ಬರುವುದು ಎಣಿಕೆಯಲ್ಲ.


ಉತ್ತರ 5: ಕಾನೂನು_ಕಡತ

ಇಲ್ಲಿನವರು ಮರೆಯುವ ಒಂದು ವಿಷಯ. ಕೇರಳದಲ್ಲಿ ಮದ್ಯಕ್ಕೆ ವಯಸ್ಸಿನ ಮಿತಿ 23, ಅಬ್ಕಾರಿ ಕಾಯ್ದೆಯ ಪ್ರಕಾರ. ಗಡಿ ದಾಟಿದರೆ ಇದಕ್ಕಿಂತ ಕಡಿಮೆ. ಅಂದರೆ ನಿಮ್ಮ ಡಿಗ್ರಿ ವಿದ್ಯಾರ್ಥಿಗಳಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಕುಡಿಯುವುದೇ ಕಾನೂನುಬಾಹಿರ. ಹಾಗಾಗಿ "ಜವಾಬ್ದಾರಿಯಿಂದ ಕುಡಿಯಿರಿ" ಎಂಬ ಪೋಸ್ಟರನ್ನು ಕಾಲೇಜು ಹಾಕುವಂತಿಲ್ಲ. ಮೇಷ್ಟ್ರ ಚಹಾ ಪ್ರಯೋಗವನ್ನು "ಅಪಾಯದ ಅಳತೆ" ಎಂದೂ, ತುರ್ತುಕೋಣೆಯವರ ಪಾಠವನ್ನು ಪ್ರಥಮ ಚಿಕಿತ್ಸೆ ಎಂದೂ ನಡೆಸಿ. ಆಗ ಯಾರೂ ಆಕ್ಷೇಪ ಎತ್ತಲಾರರು.

ಮುಖ್ಯ ಕೆಲಸ: ಸಹಾಯಕ್ಕೆ ಕರೆದವನಿಗೆ ಶಿಕ್ಷೆಯಿಲ್ಲ ಎಂಬ ಲಿಖಿತ ನಿಯಮ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ 2002ರಲ್ಲಿ ಇಂಥದ್ದನ್ನು ತಂದಾಗ ತುರ್ತು ಕರೆಗಳು ಹೆಚ್ಚಾದವು. ಗೆಳೆಯ ಬಿದ್ದಾಗ ಹುಡುಗರು ಕರೆ ಮಾಡದಿರುವುದಕ್ಕೆ ದೊಡ್ಡ ಕಾರಣ ಸಸ್ಪೆನ್ಶನ್ ಭಯ. ಪದಗಳು ಹೀಗಿರಲಿ:

"ಮದ್ಯಪಾನದಿಂದ ಅಪಾಯದಲ್ಲಿರುವ ವ್ಯಕ್ತಿಗಾಗಿ ವೈದ್ಯಕೀಯ ನೆರವು ಕರೆದು, ನೆರವು ಬರುವವರೆಗೆ ಜತೆಗಿದ್ದ ವಿದ್ಯಾರ್ಥಿಯ ಮೇಲೂ, ನೆರವು ಪಡೆದ ವಿದ್ಯಾರ್ಥಿಯ ಮೇಲೂ, ಆ ಸಂದರ್ಭದ ಮದ್ಯಪಾನಕ್ಕಾಗಿ ಕಾಲೇಜು ಅಥವಾ ಹಾಸ್ಟೆಲ್ ಶಿಸ್ತುಕ್ರಮ ಕೈಗೊಳ್ಳುವುದಿಲ್ಲ. ನೆರವು ಪಡೆದವರು 10 ದಿನಗಳೊಳಗೆ ಆಪ್ತಸಲಹೆಗಾರರನ್ನು ಎರಡು ಸಲ ಕಾಣಬೇಕು. ಹಲ್ಲೆ, ರ‍್ಯಾಗಿಂಗ್, ಲೈಂಗಿಕ ದೌರ್ಜನ್ಯ, ಮಾರಾಟ, ವಾಹನ ಚಾಲನೆಗೆ ಈ ವಿನಾಯಿತಿ ಇಲ್ಲ."

ಈ ನಿಯಮದಿಂದ ಬಿಟ್ಟುಕೊಡಬಹುದಾದದ್ದು ಕಾಲೇಜಿನ ಅಧಿಕಾರ ಮಾತ್ರ. ಪೊಲೀಸರ, ಅಬಕಾರಿಯವರ ಅಧಿಕಾರವನ್ನು ಕಾಲೇಜು ಮನ್ನಾ ಮಾಡಲಾಗದು. ಅಪಘಾತ, ಹಲ್ಲೆ, ವಿಷದ ಸಂಶಯ ಇದ್ದರೆ ಆಸ್ಪತ್ರೆ ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ವೈದ್ಯಕೀಯ-ಕಾನೂನು ಪ್ರಕರಣ) ಮಾಡುತ್ತದೆ. ಇದನ್ನು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಮೊದಲ ಪ್ರಕರಣದಲ್ಲೇ "ಮೋಸ" ಎಂಬ ಮಾತು ಹಬ್ಬುತ್ತದೆ. ಮನೆಯವರಿಗೆ ಯಾವಾಗ ತಿಳಿಸುತ್ತೀರಿ ಎಂಬುದನ್ನೂ ಬರೆಯಬೇಕು. ಆಸ್ಪತ್ರೆಗೆ ದಾಖಲಾದರೆ ತಿಳಿಸಲೇಬೇಕಾಗುತ್ತದೆ, ಹಾಸ್ಟೆಲಿನಲ್ಲೇ ಸುಧಾರಿಸಿಕೊಂಡರೆ ವಿದ್ಯಾರ್ಥಿಯೇ ತಿಳಿಸಲಿ ಎಂಬುದು ನಡೆಯುವ ದಾರಿ.

ಸೀನಿಯರ್ ಒತ್ತಾಯಿಸಿ ಕುಡಿಸಿದರೆ ಅದು ಪಾರ್ಟಿಯಲ್ಲ, ರ‍್ಯಾಗಿಂಗ್. ಕೇರಳದಲ್ಲಿ 1998ರ ಕಾಯ್ದೆಯೇ ಉಂಟು, ಯುಜಿಸಿಯ ಸಹಾಯವಾಣಿ 1800-180-5522. ಕುಡಿದು ವಾಹನ ಓಡಿಸಿದರೆ ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು, 10,000 ರೂಪಾಯಿ ದಂಡ, ಅಥವಾ ಎರಡೂ. ರಸ್ತೆ ಅಪಘಾತದಲ್ಲಿ ಸಹಾಯ ಮಾಡಿದ ದಾರಿಹೋಕನಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಣೆ ಕೊಡುತ್ತದೆ. ಇದನ್ನೂ ಮಕ್ಕಳಿಗೆ ಹೇಳಿ.


ಸೀಮೆ_ಎನ್ನೆಸ್ಸೆಸ್ (ಪ್ರಶ್ನೆ ಕೇಳಿದವರು)

ಇಷ್ಟು ಸಿಗುತ್ತದೆ ಎಂದುಕೊಂಡಿರಲಿಲ್ಲ. ಈಗ ಯೋಜನೆ ಹೀಗೆ: ಒಂದನೇ ವಾರ ಚೀಟಿ ಸಮೀಕ್ಷೆ, ಜತೆಗೆ ವಿನಾಯಿತಿ ನಿಯಮವನ್ನು ಆಡಳಿತದ ಮುಂದೆ ಇಡುವುದು. ಎರಡು ಮತ್ತು ಮೂರನೇ ವಾರ 20 ಮಂದಿಗೆ ಉಸಿರು ಎಣಿಕೆ, ಮಗ್ಗುಲು ಮಲಗಿಸುವುದು, ಸಿಪಿಆರ್. ನಾಲ್ಕನೇ ವಾರ ಹಾಸ್ಟೆಲಿನಲ್ಲಿ ಚಹಾ ಪ್ರಯೋಗ, ಐದರಲ್ಲಿ ಪೋಸ್ಟರ್, ಆರರಲ್ಲಿ ಓಣಂ, ಹೊಸ ವೇಳಾಪಟ್ಟಿ, ಬಸ್ಸು. ಯಂತ್ರದ ಪ್ರಸ್ತಾಪ ಕೈಬಿಡಿ ಎಂದು ಬರೆದುಕೊಟ್ಟಿದ್ದೇನೆ.

ಒಂದು ಸಂಶಯ ಉಳಿಯಿತು. ತಪಾಸಣೆಯಲ್ಲಿ ಯಾರಿಗಾದರೂ ಆಡಿಟ್ ಅಂಕ 20 ದಾಟಿದರೆ? "ಇವತ್ತಿನಿಂದಲೇ ಬಿಡು" ಎಂದು ಹೇಳಿ ಕಳಿಸಬಹುದೇ?


ತುರ್ತುಕೋಣೆ

ಹಾಗೆ ಹೇಳಬೇಡಿ. ದಿನವೂ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೆಯ ದಿನದ ನಡುವೆ ಭ್ರಮೆ, ಜ್ವರ, ನಡುಕ ಸೇರಿ ಜೀವಕ್ಕೇ ಅಪಾಯ. ಬೆಳಿಗ್ಗೆ ಎದ್ದಾಗ ಕೈ ನಡುಗುತ್ತದೆಯೇ, ಬೆವರುತ್ತದೆಯೇ, ಅದನ್ನು ನಿಲ್ಲಿಸಲು ಮತ್ತೆ ಕುಡಿಯುತ್ತಾನೆಯೇ ಎಂದು ಕೇಳಿ. ಹೌದು ಎಂದರೆ ನಿಲ್ಲಿಸುವುದು ವೈದ್ಯರ ಕಣ್ಣೆದುರು ಆಗಬೇಕು, ಔಷಧಿಯೂ ಥಯಾಮಿನ್ನೂ (ವಿಟಮಿನ್ ಬಿ1) ಕೊಟ್ಟು.


ಆಪ್ತಸಲಹೆ_ಮಂಜೇಶ್ವರ

ಕೇರಳ ಅಬಕಾರಿ ಇಲಾಖೆಯ ವ್ಯಸನಮುಕ್ತಿ ಯೋಜನೆ ವಿಮುಕ್ತಿಯ ಸಹಾಯವಾಣಿ 14405. ಜಿಲ್ಲೆಯಲ್ಲಿ ವಿಮುಕ್ತಿಯ ಚಿಕಿತ್ಸಾ ಕೇಂದ್ರ ಇರುವುದು ನೀಲೇಶ್ವರದ ತಾಲೂಕು ಆಸ್ಪತ್ರೆಯಲ್ಲಿ. ಮಂಜೇಶ್ವರ ಕಡೆಯವರಿಗೆ ಅದು ದೂರ, ಆದ್ದರಿಂದ ಮೊದಲು ಫೋನ್ ಮಾಡಿ ಒಪಿ ದಿನ ಕೇಳಿಕೊಂಡೇ ಹೊರಡಿ. ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್ 14416, ಕನ್ನಡದಲ್ಲಿ ಮಾತಾಡಬೇಕಾದರೆ ಮೊದಲೇ ಭಾಷೆ ಆರಿಸಿಕೊಳ್ಳಲು ಹೇಳಿ. ಚೀಟಿ ಕೈಗೆ ಕೊಟ್ಟು ಕಳಿಸಿದರೆ ಹೋಗುವವರು ಕಡಿಮೆ. ಮೊದಲ ಸಲ ಅವನು ನಂಬುವ ಒಬ್ಬರು ಜತೆಗೆ ಹೋಗಲಿ, ಹಾಜರಾತಿಯ ವಿಷಯವನ್ನು ಮೊದಲೇ ಸರಿಮಾಡಿಕೊಡಿ, ರಜೆಯ ಅರ್ಜಿಯಲ್ಲಿ "ವೈದ್ಯಕೀಯ" ಎಂಬ ಒಂದೇ ಪದ ಸಾಕು.